ಕಣ್ಣಿಗೆ ಹಬ್ಬ, ಕೈಗೆ ಕಡಿವಾಣ

ಹಳೆಯ ಕಾರೊಂದು ಕಂಡರೆ ಸಾಕು, ಕೈ ತಾನಾಗಿಯೇ ಅದರತ್ತ ಚಾಚುತ್ತದೆ. ಕನ್ನಡಿಯಂತೆ ಹೊಳೆಯುವ ಬಾನೆಟ್ಟಿನ ಮೇಲೆ ಅಂಗೈ ಸವರಬೇಕು, ಹಿತ್ತಾಳೆ ಹಾರ್ನಿನ ರಬ್ಬರ್ ಬುರುಡೆಯನ್ನು ಒಮ್ಮೆ ಹಿಸುಕಿ ನೋಡಬೇಕು, ಬಾಗಿಲು ತೆರೆದು ಚರ್ಮದ ಸೀಟಿನ ಮೇಲೆ ಕೂರಬೇಕು ಎನಿಸುವುದು ಸಹಜ. ಕನ್ನಡ ನಾಡಿನಲ್ಲಂತೂ ಮುಟ್ಟುವುದೆಂದರೆ ಪ್ರೀತಿಯ ಗುರುತು, ಭಕ್ತಿಯ ಗುರುತು. ಆಯುಧಪೂಜೆಯ ದಿನ ವಾಹನವನ್ನು ತೊಳೆದು, ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುವ ಜನರಿಗೆ ‘ವಾಹನವನ್ನು ಮುಟ್ಟಬೇಡಿ’ ಎಂಬ ಮಾತು ವಿಚಿತ್ರವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಆದರೆ ಹಳೆಯ ಕಾರುಗಳ ಪ್ರದರ್ಶನದಲ್ಲಿ ಮೊದಲ ನಿಯಮವೇ ಅದು. ಇದು ಟಿಕೆಟ್ ಕೊಂಡು ಬಂದ ಪ್ರೇಕ್ಷಕರಿಗಷ್ಟೇ ಅಲ್ಲ, ಕಾರಿಗೆ ಅಂಕ ಕೊಡಲು ಬಂದ ತೀರ್ಪುಗಾರರಿಗೂ ಅನ್ವಯಿಸುತ್ತದೆ. ಇದನ್ನು ಸಿರಿವಂತರ ಬಿಂಕವೆಂದು ತಳ್ಳಿಹಾಕುವವರಿದ್ದಾರೆ. ಬಿಂಕವೂ ಒಂದಿಷ್ಟು ಇರಬಹುದು. ಆದರೆ ನಿಯಮದ ಬೇರು ಇರುವುದು ಬೇರೆ ಕಡೆ.

ಸಾರೋಟಿನಿಂದ ಕಾರಿಗೆ

ಕಾರು ಪ್ರದರ್ಶನಗಳಲ್ಲಿ ಅತ್ಯಂತ ಗೌರವದ್ದೆಂದು ಹೆಸರಾದ ಬಗೆಗೆ ಫ್ರೆಂಚ್ ಭಾಷೆಯಲ್ಲಿ ‘ಕಾಂಕೂರ್ ದೆಲೆಗಾನ್ಸ್’ ಎಂದು ಹೆಸರು. ಅಂದರೆ ಸೊಗಸಿನ ಸ್ಪರ್ಧೆ. ಫ್ರಾನ್ಸಿನ ಶ್ರೀಮಂತರು ತಮ್ಮ ಸಾರೋಟುಗಳನ್ನು ಸಿಂಗರಿಸಿ ಪ್ಯಾರಿಸ್ಸಿನ ಉದ್ಯಾನಗಳಲ್ಲಿ ಮೆರೆಸುತ್ತಿದ್ದ ಸಂಪ್ರದಾಯವೇ ಇದರ ಮೂಲ. ಕುದುರೆ ಹೋಗಿ ಎಂಜಿನ್ ಬಂದ ಮೇಲೂ ಮೆರವಣಿಗೆ ನಿಲ್ಲಲಿಲ್ಲ. ಇಟಲಿಯ ಕೋಮೊ ಸರೋವರದ ದಂಡೆಯಲ್ಲಿರುವ ವಿಲ್ಲಾ ದೆಸ್ತೆಯಲ್ಲಿ 1929ರಲ್ಲಿ ಇಂಥ ಸ್ಪರ್ಧೆ ಆರಂಭವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಮೊದಲ ಸ್ಪರ್ಧೆ ನಡೆದದ್ದು 1950ರಲ್ಲಿ. ಇಂದು ಪ್ರತಿ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಗಾಲ್ಫ್ ಮೈದಾನದ ಹುಲ್ಲುಹಾಸಿನ ಮೇಲೆ ಜಗತ್ತಿನ ಅಪರೂಪದ ಕಾರುಗಳು ಸಾಲಾಗಿ ನಿಲ್ಲುತ್ತವೆ.

ಈ ಸ್ಪರ್ಧೆಯ ಅಭಿರುಚಿ ಬದಲಾದ ಬಗೆಯೇ ಒಂದು ಪಾಠ. ಮೊದಲ ವರ್ಷಗಳಲ್ಲಿ ಪೆಬಲ್ ಬೀಚ್‌ನ ಅತ್ಯುನ್ನತ ಪ್ರಶಸ್ತಿ ಹೊಸ ಕಾರುಗಳ ಪಾಲಾಗುತ್ತಿತ್ತು. 1955ರಲ್ಲಿ ಫಿಲ್ ಹಿಲ್ ಎಂಬ ಓಟಗಾರ 1931ರ ಪಿಯರ್ಸ್-ಆರೋ ಕಾರನ್ನು ಜೀರ್ಣೋದ್ಧಾರ ಮಾಡಿ ತಂದು ಗೆದ್ದರು. ಮಹಾಯುದ್ಧಕ್ಕೆ ಮುಂಚಿನ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಇದೇ ಫಿಲ್ ಹಿಲ್ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಮುಂದೆ ಹಲವು ವರ್ಷ ಪೆಬಲ್ ಬೀಚ್‌ನಲ್ಲಿ ತೀರ್ಪುಗಾರರಾಗಿಯೂ ಕೆಲಸ ಮಾಡಿದರು. ಅವರ ಗೆಲುವಿನ ನಂತರ ಹಳೆಯ ಕಾರನ್ನು ಬಿಚ್ಚಿ, ಬಣ್ಣ ಬಳಿದು, ಹೊಸತರಂತೆ ಮಾಡುವ ಕಲೆಗೆ ದೊಡ್ಡ ಮನ್ನಣೆ ಸಿಕ್ಕಿತು.

2024ರಲ್ಲಿ ಮತ್ತೊಂದು ತಿರುವು ಬಂತು. ಆ ವರ್ಷ ಗೆದ್ದದ್ದು 1934ರ ಬುಗಾಟಿ ಟೈಪ್ 59. ಗ್ರ್ಯಾನ್ ಪ್ರಿ ಓಟಕ್ಕೆಂದು ನಿರ್ಮಾಣವಾಗಿ, ಬಳಿಕ ಬೆಲ್ಜಿಯಂನ ದೊರೆ ಮೂರನೇ ಲಿಯೋಪೋಲ್ಡ್ ಅವರ ಕೈ ಸೇರಿದ್ದ ಕಾರು ಅದು. ಅದಕ್ಕೆ ಯಾರೂ ಹೊಸ ಬಣ್ಣದ ಥಳಕು ಕೊಟ್ಟಿರಲಿಲ್ಲ. ಕಾಲ ಬಿಟ್ಟ ಗುರುತುಗಳನ್ನೆಲ್ಲ ಮೈಮೇಲೆ ಹೊತ್ತೇ ಬಂದಿತ್ತು. ಇದ್ದಂತೆಯೇ ಕಾಪಾಡಿಕೊಂಡು ಬಂದ ಕಾರೊಂದಕ್ಕೆ ಪೆಬಲ್ ಬೀಚ್‌ನ ಅತ್ಯುನ್ನತ ಪ್ರಶಸ್ತಿ ಸಂದದ್ದು ಅದೇ ಮೊದಲ ಬಾರಿ. ಹೊಸತು, ಹೊಸತರಂತೆ ಮಾಡಿದ್ದು, ಇದ್ದಂತೆಯೇ ಉಳಿದದ್ದು: ಮುಕ್ಕಾಲು ಶತಮಾನದಲ್ಲಿ ರಸಿಕರ ಕಣ್ಣು ಈ ಮೂರು ಮೆಟ್ಟಿಲುಗಳನ್ನು ದಾಟಿದೆ. ಮುಟ್ಟಬಾರದೆಂಬ ನಿಯಮದ ತೂಕ ಹೆಚ್ಚಿದ್ದೂ ಇದರಿಂದಲೇ.

ಬೆರಳು ಮಾಡುವ ಹಾನಿ

ಬಣ್ಣಕ್ಕೆ ಬೆರಳು ತಾಗಿದರೆ ಆಗುವುದೇನು? ಕಾರಿನ ಮೈಮೇಲೆ ಸದಾ ತೆಳುವಾದ ಧೂಳು ಕೂತಿರುತ್ತದೆ. ಅಂಗೈ ಅದರ ಮೇಲೆ ಜಾರಿದಾಗ ಧೂಳಿನ ಕಣಗಳು ಮರಳು ಕಾಗದದಂತೆ ಕೆಲಸ ಮಾಡುತ್ತವೆ. ಒಂದೊಂದು ಗೀರೂ ಕೂದಲೆಳೆಗಿಂತ ತೆಳುವಿರಬಹುದು. ಆದರೆ ದಿನವೊಂದಕ್ಕೆ ನೂರಾರು ಕೈಗಳು ಸವರಿದರೆ ಬಣ್ಣ ಮಂಕಾಗುತ್ತದೆ. ಈಗಿನ ಕಾರುಗಳಿಗೆ ಬಣ್ಣದ ಮೇಲೊಂದು ಗಟ್ಟಿಯಾದ ಪಾರದರ್ಶಕ ಲೇಪವಿರುತ್ತದೆ. ಹಳೆಯ ಕಾರುಗಳಿಗೆ ಆ ರಕ್ಷಣೆ ಇಲ್ಲ. ಮೊದಮೊದಲು ವಾರ್ನಿಶ್ ಮಾದರಿಯ ಬಣ್ಣವನ್ನು ಕುಂಚದಿಂದ ಪದರ ಪದರವಾಗಿ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. 1920ರ ದಶಕದಲ್ಲಿ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂತು. ಎರಡೂ ನಾಜೂಕಿನ ಬಣ್ಣಗಳೇ.

ಬೆವರಿನ ಉಪ್ಪು ಮತ್ತು ಜಿಡ್ಡು ಇನ್ನೊಂದು ಶತ್ರು. ಉಜ್ಜಿ ಹೊಳಪು ಕೊಟ್ಟ ಹಿತ್ತಾಳೆ ದೀಪದ ಮೇಲೆ ಬಿದ್ದ ಬೆರಳಚ್ಚು ಕೆಲ ದಿನಗಳಲ್ಲಿ ಕಪ್ಪು ಕಲೆಯಾಗಿ ಮೂಡುತ್ತದೆ. ಕೈ ಮಾತ್ರವಲ್ಲ, ಬೆಲ್ಟಿನ ಬಕಲು, ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ, ಉಂಗುರ, ಕೈಗಡಿಯಾರ, ಹೆಗಲ ಚೀಲದ ಜಿಪ್ಪು, ಕೊರಳಲ್ಲಿ ತೂಗುವ ಕ್ಯಾಮೆರಾ ಎಲ್ಲವೂ ಅಪಾಯಕಾರಿಯೇ. ಕಾರಿನೊಳಗೆ ಇಣುಕಲು ಬಾಗಿದವರ ಕ್ಯಾಮೆರಾ ಬಾಗಿಲಿಗೆ ತಾಗುವುದು ಸಾಮಾನ್ಯ. ರೇಡಿಯೇಟರ್ ಮೇಲಿನ ಲಾಂಛನಗಳ ಕಥೆ ಇನ್ನೂ ಸೂಕ್ಷ್ಮ. ರೋಲ್ಸ್-ರಾಯ್ಸ್ ಕಾರಿನ ಮೇಲೆ 1911ರಿಂದ ನಿಂತಿರುವ, ಶಿಲ್ಪಿ ಚಾರ್ಲ್ಸ್ ಸೈಕ್ಸ್ ರೂಪಿಸಿದ ಹೆಣ್ಣಿನ ವಿಗ್ರಹ ಲೋಹದ್ದು. ಆದರೆ ಫ್ರಾನ್ಸಿನ ರೆನೆ ಲಾಲಿಕ್ 1920ರ ದಶಕದಲ್ಲಿ ಮಾಡಿದ ಲಾಂಛನಗಳು ಗಾಜಿನವು. ಒಡೆದರೆ ಅದಕ್ಕೆ ಬದಲಿ ಸಿಗುವುದು ಬಲು ಕಷ್ಟ.

ಬಣ್ಣ ಹೋದರೆ ಮತ್ತೆ ಬಳಿಯಬಹುದಲ್ಲ ಎಂಬ ಪ್ರಶ್ನೆ ಏಳಬಹುದು. ಬಳಿಯಬಹುದು. ಆದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣ ತೊಂಬತ್ತು ವರ್ಷ ಉಳಿದು ಬಂದಿದ್ದರೆ, ಅದು ಆ ಕಾಲದ ಕುಶಲಕರ್ಮಿ ಬಿಟ್ಟುಹೋದ ಸಾಕ್ಷಿ. ಹೊಸ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಆ ಸಾಕ್ಷಿಯ ಜಾಗ ತುಂಬಲಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಸ್ಮಾರಕಗಳ ರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಮಾದರಿಯಲ್ಲೇ, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಟ್ಯೂರಿನ್ ಸನ್ನದನ್ನು ರೂಪಿಸಿಕೊಂಡಿರುವುದು ಈ ಕಾರಣಕ್ಕೇ. ಹಂಪಿಯ ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ತಟ್ಟಿ ನೋಡಲು ಇಂದು ಅವಕಾಶವಿಲ್ಲದಿರುವುದರ ಹಿಂದಿನ ತರ್ಕ ಯಾವುದೋ, ಹಳೆಯ ಕಾರಿನ ಬಾನೆಟ್ಟನ್ನು ಸವರಬಾರದೆಂಬುದರ ತರ್ಕವೂ ಅದೇ.

ತೀರ್ಪುಗಾರನ ಕೈ ಬೆನ್ನ ಹಿಂದೆ

ಅಂಕ ಕೊಡುವ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಪೆಬಲ್ ಬೀಚ್‌ನಲ್ಲಿ ಪ್ರತಿ ಕಾರಿಗೂ 100 ಅಂಕದಿಂದ ಲೆಕ್ಕ ಶುರುವಾಗುತ್ತದೆ. ಮೂಲರೂಪಕ್ಕೆ ಹೊಂದದ ಭಾಗ ಕಂಡರೆ, ಸ್ಥಿತಿ ಸರಿಯಿಲ್ಲದಿದ್ದರೆ ಅಂಕ ಕಳೆಯುತ್ತಾ ಹೋಗುತ್ತಾರೆ. ಸೊಗಸನ್ನು ನೋಡುವವರು ಬೇರೆ. 1998ರಿಂದ ಸ್ಪರ್ಧೆಗೆ ಮೊದಲು ರಸ್ತೆ ಪ್ರವಾಸವೂ ಸೇರಿಕೊಂಡಿದೆ. ಒಂದೇ ವರ್ಗದ ಎರಡು ಕಾರುಗಳ ಅಂಕ ಸಮನಾದರೆ, ಪ್ರವಾಸವನ್ನು ಪೂರೈಸಿದ ಕಾರಿಗೇ ಗೆಲುವು. ಕಾರು ಓಡಬೇಕು, ಬರೀ ಗೊಂಬೆಯಾಗಿ ನಿಲ್ಲಬಾರದು ಎಂಬುದು ಇದರ ಆಶಯ.

1935ರಲ್ಲಿ ಸ್ಥಾಪನೆಯಾದ ಅಮೆರಿಕದ ಆಂಟಿಕ್ ಆಟೊಮೊಬೈಲ್ ಕ್ಲಬ್ಬಿನಲ್ಲಿ 400 ಅಂಕಗಳ ಪದ್ಧತಿಯಿದೆ. ಹೊರಮೈ, ಒಳಾಂಗಣ, ಎಂಜಿನ್, ಚಾಸಿ ಎಂದು ಕೆಲಸ ಹಂಚಿಕೊಂಡು ತಂಡವೊಂದು ಪರಿಶೀಲಿಸುತ್ತದೆ. ಡೀಲರ್ ಅಂಗಡಿಯಿಂದ ಗಿರಾಕಿಯ ಕೈಗೆ ಕೊಡುವ ದಿನ ಕಾರು ಹೇಗಿರುತ್ತಿತ್ತೋ ಹಾಗಿರಬೇಕೆಂಬುದೇ ಅಲ್ಲಿನ ಅಳತೆಗೋಲು. ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚು ಹೊಳಪು ಹಚ್ಚಿದರೆ ಹೆಚ್ಚು ಅಂಕವಿಲ್ಲ.

ಪದ್ಧತಿ ಯಾವುದೇ ಇರಲಿ, ತೀರ್ಪುಗಾರರ ನಡವಳಿಕೆಯ ಕೆಲವು ಕಟ್ಟುಗಳು ಬದಲಾಗುವುದಿಲ್ಲ. ಅವರು ಮೊದಲು ಮಾಲೀಕರಿಗೆ ವಂದಿಸಿ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ಬಾಗಿಲು, ಬಾನೆಟ್, ಡಿಕ್ಕಿ ಯಾವುದನ್ನೂ ತಾವೇ ತೆರೆಯುವುದಿಲ್ಲ. ತೆರೆಯಿರೆಂದು ಮಾಲೀಕರನ್ನು ಕೇಳುತ್ತಾರೆ. ಎಂಜಿನ್ ಚಾಲೂ ಮಾಡಬೇಕಾದರೂ, ದೀಪ, ಹಾರ್ನು ಪರೀಕ್ಷಿಸಬೇಕಾದರೂ ಕೈ ಮಾಲೀಕರದೇ. ಬಾಗಿ ನೋಡುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು ಅನುಭವಿ ತೀರ್ಪುಗಾರರ ಅಭ್ಯಾಸ. ಕತ್ತಲ ಮೂಲೆಗೆ ಪುಟ್ಟ ಟಾರ್ಚು ಸಾಕು.

ನಾಲಿಗೆಗೂ ಕಡಿವಾಣ ಬೇಕು. ‘ಈ ಸ್ಕ್ರೂ ತಪ್ಪಾಗಿದೆ’ ಎಂದು ಪ್ರೇಕ್ಷಕರ ಎದುರು ಹೇಳಬಾರದು, ಹಾಳೆಯಲ್ಲಿ ಬರೆದುಕೊಳ್ಳಬೇಕು. ಪಕ್ಕದ ಕಾರಿನೊಂದಿಗೆ, ತನ್ನ ಮನೆಯ ಕಾರಿನೊಂದಿಗೆ ಹೋಲಿಸಬಾರದು. ತನ್ನ ಕಾರು, ಗೆಳೆಯನ ಕಾರು, ತಾನೇ ಮಾರಿದ ಅಥವಾ ದುರಸ್ತಿ ಮಾಡಿದ ಕಾರು ಸ್ಪರ್ಧೆಯಲ್ಲಿದ್ದರೆ ಆ ವರ್ಗದಿಂದ ಹಿಂದೆ ಸರಿಯಬೇಕು. ಎಲ್ಲ ಕಾರುಗಳಿಗೂ ಸಮನಾದ ಸಮಯ ಕೊಡಬೇಕು. ಹತ್ತು ವರ್ಷ ಶ್ರಮಪಟ್ಟವನ ಕಾರನ್ನು ಎರಡೇ ನಿಮಿಷದಲ್ಲಿ ನೋಡಿ ಮುಂದೆ ನಡೆದರೆ, ಅಂಕ ನ್ಯಾಯವಾಗಿದ್ದರೂ ಅವನಿಗೆ ಅನ್ಯಾಯವಾಗಿದೆ ಎನಿಸುತ್ತದೆ.

ಪ್ರೇಕ್ಷಕರ ಪಾಲು

ಪ್ರೇಕ್ಷಕರ ಶಿಷ್ಟಾಚಾರವೂ ಇದರ ಮುಂದುವರಿಕೆಯೇ. ತೀರ್ಪುಗಾರರು ಕಾರಿನ ಬಳಿ ಇದ್ದಾಗ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಮಾಲೀಕರನ್ನು ಮಾತಿಗೆ ಎಳೆಯಬಾರದು. ಮಗುವನ್ನು ಮಡ್‌ಗಾರ್ಡ್ ಮೇಲೆ ಕೂರಿಸಿ ಫೋಟೊ ತೆಗೆಯುವುದು, ಪಾದಹಲಗೆಯ ಮೇಲೆ ಹತ್ತುವುದು, ಐಸ್‌ಕ್ರೀಂ ಹಿಡಿದು ಕಿಟಕಿಗೆ ಬಾಗುವುದು, ಕಾಫಿ ಲೋಟವನ್ನು ಬಾನೆಟ್ ಮೇಲಿಡುವುದು, ಸಿಗರೇಟು ಹಚ್ಚುವುದು ಕೂಡದು. ಹಳೆಯ ಕಾರಿನ ಬಳಿ ಪೆಟ್ರೋಲಿನ ಆವಿ ಇರಬಹುದೆಂಬುದನ್ನು ಮರೆಯಬಾರದು. ಫೋಟೊ ತೆಗೆದ ಮೇಲೆ ಹಿಂದಿನವರಿಗೆ ಜಾಗ ಬಿಡಬೇಕು. ‘ಇದರ ಬೆಲೆ ಎಷ್ಟು?’ ಎಂಬುದು ಮೊದಲ ಪ್ರಶ್ನೆಯಾಗಬಾರದು. ‘ಇದು ನಿಮಗೆ ಹೇಗೆ ಸಿಕ್ಕಿತು?’ ಎಂದು ಕೇಳಿದರೆ ಸಾಕು, ಮಾಲೀಕರು ಗಂಟೆಗಟ್ಟಲೆ ಮಾತನಾಡುತ್ತಾರೆ. ಒಳಗೆ ನೋಡಬಹುದೇ ಎಂದು ವಿನಯದಿಂದ ಕೇಳಿದವರಿಗೆ ಎಷ್ಟೋ ಸಲ ಬಾಗಿಲೂ ತೆರೆಯುತ್ತದೆ. ಮುಟ್ಟಬಾರದೆಂದರೆ ಕೇಳದೆ ಮುಟ್ಟಬಾರದು ಎಂದಷ್ಟೇ ಅರ್ಥ.

ಭಾರತದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ಆರಂಭಿಸಿದ ಹಳೆಯ ಕಾರುಗಳ ರ‍್ಯಾಲಿಯಲ್ಲಿ ರೈಲು ವಸ್ತುಸಂಗ್ರಹಾಲಯದ 1914ರ ಜಾನ್ ಮಾರಿಸ್ ಅಗ್ನಿಶಾಮಕ ವಾಹನವೂ ಪಾಲ್ಗೊಂಡಿದೆ. 2008ರಲ್ಲಿ ಮುಂಬೈಯಲ್ಲಿ ನಡೆದ ಕಾರ್ಟಿಯೆ ಸ್ಪರ್ಧೆ ವಿದೇಶೀ ಮಾದರಿಯ ತೀರ್ಪುಗಾರಿಕೆಯನ್ನು ಇಲ್ಲಿಗೆ ಪರಿಚಯಿಸಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳನ್ನು ಬೆರಗಿನಿಂದ ನೋಡಿ ಬರುತ್ತಾರೆ. ಆದರೆ ಇಂಥ ಎಷ್ಟೋ ಕಾರುಗಳು ಇರುವುದು ಖಾಸಗಿ ಮನೆಗಳ ಶೆಡ್ಡುಗಳಲ್ಲಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ ವಾಹನ ರಸ್ತೆಗಿಳಿಯಬಹುದಾದದ್ದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ, ನಿರ್ವಹಣೆಗಳಂಥ ಕೆಲವೇ ಕೆಲಸಗಳಿಗೆ. ಅಂದರೆ ಜನಸಾಮಾನ್ಯರು ಅದನ್ನು ಕಾಣುವುದು ಹೆಚ್ಚಾಗಿ ಪ್ರದರ್ಶನದ ದಿನವೇ.

ಕಾರನ್ನು ಹೊರತರಲೇಬೇಕೆಂದು ಮಾಲೀಕರನ್ನು ಯಾವ ಕಾನೂನೂ ಒತ್ತಾಯಿಸುವುದಿಲ್ಲ. ನೋಡುವವರು ಜೋಪಾನವಾಗಿ ನೋಡುತ್ತಾರೆಂಬ ನಂಬಿಕೆಯೊಂದೇ ಅವರನ್ನು ಮೈದಾನಕ್ಕೆ ಕರೆತರುತ್ತದೆ. ಬಾಗಿಲ ಮೇಲೆ ಗೀರು ಬಿದ್ದು, ಹಾರ್ನಿನ ಬುರುಡೆ ಹರಿದು ಮನೆಗೆ ಮರಳಿದ ಕಾರು ಮುಂದಿನ ವರ್ಷ ಶೆಡ್ಡಿನಲ್ಲೇ ಉಳಿಯುತ್ತದೆ. ಆಗ ನಷ್ಟವಾಗುವುದು ಮಾಲೀಕರಿಗಿಂತ ಹೆಚ್ಚಾಗಿ, ಅಂಥ ಕಾರನ್ನು ಇನ್ನೆಲ್ಲೂ ನೋಡುವ ಅವಕಾಶವಿಲ್ಲದ ಮಕ್ಕಳಿಗೆ.