ಹಳೆಯ ಜಾಗ್ವಾರ್ ಕೊಳ್ಳುವ ಮುನ್ನ

ಹಳೆಯ ಮೋಟಾರು ಕೊಂಡು ಕೈಯಾರೆ ಸರಿಪಡಿಸುವ ಗೀಳು ಇಂಗ್ಲೆಂಡಿನಲ್ಲಿ ಬಹಳ. ಆ ಗೀಳು ಹತ್ತಿದವರು ಆಸೆಪಡುವ ಕಾರುಗಳಲ್ಲಿ ಜಾಗ್ವಾರ್ ಇ-ಟೈಪ್ ಒಂದು. 1961ರಲ್ಲಿ ಜಿನೀವಾದಲ್ಲಿ ಮೊದಲು ಕಾಣಿಸಿಕೊಂಡು 1974ರವರೆಗೆ ತಯಾರಾಯಿತು. ಮೊದಮೊದಲ ಕೆಲವು ನೂರು ಕಾರುಗಳಿಗೆ ಬಾನೆಟ್ಟಿನ ಬೀಗ ಹೊರಗಡೆಯೇ ಇತ್ತು. ಕಾಲಿಡುವ ತಳವೂ ಚಪ್ಪಟೆ. ಇಂಥದು ಅಪರೂಪ. ಆದ್ದರಿಂದ ಬೆಲೆಯೂ ಹೆಚ್ಚು, ಮೋಸವೂ ಹೆಚ್ಚು.

ಕೊಳ್ಳಹೋದವರು ಮೊದಲು ಇಂಜಿನ್ ನೋಡುತ್ತಾರೆ. ಅದು ತಪ್ಪು. ಆರು ಸಿಲಿಂಡರಿನ ಆ ಇಂಜಿನ್ 1948ರಿಂದ ಬಂದ ವಂಶದ್ದು, ಬಿಡಿಭಾಗ ಸಿಗುತ್ತವೆ. ನೋಡಬೇಕಾದುದು ತಗಡನ್ನು. ಲಾರಿಗಿರುವಂಥ ಬೇರೆ ಚಾಸಿಸ್ ಇದಕ್ಕಿಲ್ಲ. ಮುಂದೆ ಇಂಜಿನ್ ಹೊರುವ ಕೊಳವೆಗಳ ಚೌಕಟ್ಟು, ಅದರ ಹಿಂದೆ ತಗಡು ಬೆಸೆದು ಕಟ್ಟಿದ ಒಡಲು. ಒಡಲಿನ ಬಹುಪಾಲು ಬಲ ಬಾಗಿಲ ಕೆಳಗಿನ ಟೊಳ್ಳು ಪಟ್ಟಿಗಳಲ್ಲಿದೆ. ಅವುಗಳೊಳಗೆ ನೀರು ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಥಳಥಳ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಆಡಿಸಿ ನೋಡಬೇಕು. ಅಂಟದಿದ್ದ ಕಡೆ ಇರುವುದು ಉಕ್ಕಲ್ಲ, ಪುಟ್ಟಿ. ಗ್ಯಾರೇಜಿನಲ್ಲಿ ದುಡಿಯುವ ನಮ್ಮವರಿಗೆ ಈ ಉಪಾಯ ಹೊಸದಲ್ಲ.

ಕೆಟ್ಟ ಪಟ್ಟಿಯನ್ನು ಅವಸರದಲ್ಲಿ ಕತ್ತರಿಸಿದರೆ ಒಡಲು ಬಾಗಿ, ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ನುರಿತವರು ಮೊದಲು ಬಾಗಿಲ ತೆರಪಿಗೆ ಅಡ್ಡ ಕಂಬಿ ಬೆಸೆಯುತ್ತಾರೆ. ಒಂದು ಪಕ್ಕ ಮುಗಿಸಿ ಇನ್ನೊಂದನ್ನು ಮುಟ್ಟುತ್ತಾರೆ. ನಡುನಡುವೆ ಬಾಗಿಲು ಹಾಕಿ ನೋಡುತ್ತಾರೆ. ದಿನಗಳನ್ನೂ ಹಣವನ್ನೂ ನುಂಗುವುದು ಈ ಕೆಲಸವೇ.

ಚಾಸಿಸ್, ಇಂಜಿನ್ ನಂಬರುಗಳು ಕಾರ್ಖಾನೆಯ ದಾಖಲೆಗೆ ಹೊಂದಬೇಕು. ನಮ್ಮ ದೇಶದಲ್ಲಿ 2021ರ ನಿಯಮದಂತೆ, ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಅಂಥದನ್ನು ಪ್ರದರ್ಶನಕ್ಕೆ ಒಯ್ಯಬಹುದು. ದಿನವೂ ಆಫೀಸಿಗೆ ಓಡಿಸುವಂತಿಲ್ಲ.