ಐಸಿಯುನಿಂದ ಮನೆಗೆ ಬಂದ ಮೇಲೆ

ರಕ್ತಕ್ಕೆ ಏರಿದ್ದ ನಂಜು ಇಳಿಯಿತು, ಡಿಸ್ಚಾರ್ಜ್ ಆಯಿತು, ಕಾಯಿಲೆ ಮುಗಿಯಿತು. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ಸೆಪ್ಸಿಸ್ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ ಇದೇ.

ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟವೇ ಹದ ತಪ್ಪಿ ಮೂತ್ರಪಿಂಡ, ಶ್ವಾಸಕೋಶ, ಹೃದಯ, ಮಿದುಳಿಗೆ ಪೆಟ್ಟು ಕೊಡುವುದು ಸೆಪ್ಸಿಸ್. ಆಂಟಿಬಯೋಟಿಕ್‌ನಿಂದ ಸೋಂಕು ವಾಸಿಯಾದರೂ ಅಂಗಾಂಗಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. 2017ರಲ್ಲಿ ಜಗತ್ತಿನಲ್ಲಿ 4.89 ಕೋಟಿ ಮಂದಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಮಂದಿ ತೀರಿಕೊಂಡರೆಂದು ಲ್ಯಾನ್ಸೆಟ್ ಪತ್ರಿಕೆ 2020ರಲ್ಲಿ ಪ್ರಕಟಿಸಿದ ಅಂದಾಜು ಹೇಳುತ್ತದೆ. ಬದುಕಿದವರ ಕಷ್ಟ ಈ ಲೆಕ್ಕದಲ್ಲಿಲ್ಲ. ಅಮೆರಿಕದ ಅಧ್ಯಯನಗಳ ಪ್ರಕಾರ ಮನೆಗೆ ಮರಳಿದವರಲ್ಲಿ ಸುಮಾರು 40% ಮಂದಿ 90 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ಹೊಸ ಸೋಂಕು, ಹೃದಯದ ಸೋಲು, ಮೂತ್ರಪಿಂಡದ ತೊಂದರೆ ಇದಕ್ಕೆ ಮುಖ್ಯ ಕಾರಣಗಳು. ಹಾಗಾಗಿ ಜ್ವರ ಬಂದರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

‘ವಯಸ್ಸಾಯಿತು, ಅದಕ್ಕೇ ಮರೆವು’ ಎನ್ನುವುದೂ ಆತುರದ ತೀರ್ಮಾನ. ಮರೆವಿನ ಜೊತೆಗೆ ನಿದ್ದೆ ಬಾರದಿರುವುದು, ಕಾಲಲ್ಲಿ ಬಲವಿಲ್ಲದಿರುವುದು, ವಿನಾಕಾರಣ ದಿಗಿಲು, ಲೆಕ್ಕ ತಪ್ಪುವುದು ಸೆಪ್ಸಿಸ್ ನಂತರ ಹಲವರಲ್ಲಿ ಕಾಣುತ್ತವೆ. ಅವನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ.

ಇನ್ನು ಪಥ್ಯ. ಮೊಟ್ಟೆ, ಕೋಳಿ, ಬದನೆ ನಂಜು ಎಂದು ಬರೀ ಗಂಜಿ ಕೊಡುವ ಮನೆಗಳು ಬಹಳ. ವಾರಗಟ್ಟಲೆ ಮಲಗಿದವರ ಸ್ನಾಯುಗಳು ಕರಗಿರುತ್ತವೆ. ಅವು ಮತ್ತೆ ಬೆಳೆಯಲು ಮೊಟ್ಟೆ, ಬೇಳೆ, ಹಾಲು, ಮಾಂಸದಂಥ ಪ್ರೋಟೀನ್ ಬೇಕೇ ಬೇಕು. ಮೂತ್ರಪಿಂಡ ಸೋತವರಿಗೆ ಮಾತ್ರ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ. ಪ್ರೀತಿಯಿಂದ ಮಾಡುವ ಈ ಪಥ್ಯವೇ ರೋಗಿಯನ್ನು ಮತ್ತೆ ಹಾಸಿಗೆಗೆ ತಳ್ಳುತ್ತದೆ ಎಂಬುದು ನನಗೆ ತುಂಬಾ ನೋವಿನ ವಿಷಯ.

ವಿಮಾ ಕಾರ್ಡ್ ಎಲ್ಲ ಖರ್ಚನ್ನೂ ಹೊರುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ತಮಿಳುನಾಡಿನ ಮುಖ್ಯಮಂತ್ರಿ ವಿಮೆ ಮತ್ತು ಆಯುಷ್ಮಾನ್ ಭಾರತ್ ಒಂದುಗೂಡಿದ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ರಕ್ಷಣೆಯಿದೆ. ಆದರೆ ಆಯುಷ್ಮಾನ್ ಭಾರತ್ ನಿಯಮದಂತೆ ಡಿಸ್ಚಾರ್ಜ್ ನಂತರದ ಖರ್ಚು ಸಿಗುವುದು 15 ದಿನಕ್ಕೆ ಮಾತ್ರ. ಆಮೇಲಿನ ಮಾತ್ರೆ, ರಕ್ತಪರೀಕ್ಷೆ, ಬೆಂಗಳೂರಿಗೆ ಓಡಾಟ, ನೋಡಿಕೊಳ್ಳುವವರ ಕೂಲಿ ನಷ್ಟ ಎಲ್ಲವೂ ಮನೆಯ ಮೇಲೇ ಬೀಳುತ್ತವೆ. ರಾಜ್ಯದ ಗಡಿಯಲ್ಲಿರುವ ಅತ್ತಿಬೆಲೆ ದಾಟುವ ಮೊದಲು, ಹೋಗುವ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿ.

ಹತ್ತಿರದಲ್ಲೇ ಇರುವ ಸೌಲಭ್ಯವೂ ನೆನಪಿರಲಿ. ಕೃಷ್ಣಗಿರಿಯಲ್ಲಿ 2022ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಮನೆಬಾಗಿಲಿಗೇ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಫಿಸಿಯೋಥೆರಪಿ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದೇ ಈ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಡಿಸ್ಚಾರ್ಜ್ ಚೀಟಿಯನ್ನು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಂಡುಹೋಗಿ ತೋರಿಸಿ, ಫಿಸಿಯೋಥೆರಪಿಗೆ ಹೆಸರು ಬರೆಸಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕೆಂದೂ ಅಲ್ಲೇ ಕೇಳಿ.