ಓಣಿಯ ಇಂಟರ್‌ನೆಟ್ಟು ಮತ್ತು ಅದರ ಪಾಲು

ತುಂಗಭದ್ರಾ ಕಾಲುವೆಯ ಕೊನೆಯಲ್ಲಿ ಗದ್ದೆಯಿರುವ ಸಿರುಗುಪ್ಪ ಸೀಮೆಯ ಯಾವ ರೈತನನ್ನಾದರೂ ಕೇಳಿರಿ. ನೀರು ಎಷ್ಟಿದೆ ಎಂಬುದಕ್ಕಿಂತ ಪಾಲು ಹೇಗೆ ಎಂಬುದೇ ದೊಡ್ಡ ಪ್ರಶ್ನೆಯೆಂದು ಹೇಳುತ್ತಾನೆ. ಮಂದಗತಿಯ ಒಂದು ಇಂಟರ್‌ನೆಟ್ ಸಂಪರ್ಕವನ್ನು ತಂತಿಯಿಲ್ಲದೆ ನೆರೆಮನೆಗಳಿಗೆ ಹಂಚುವ ವಿಷಯವೂ ಇದರಂತೆಯೇ ಎಂದು ನನ್ನ ಎಣಿಕೆ.

ಕುರುಗೋಡಿನ ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ಕೂಡಿ ಒಂದೇ ಸಂಪರ್ಕಕ್ಕೆ ಹಣ ಕಟ್ಟುತ್ತೇವೆ. ಸೆಕೆಂಡಿಗೆ 10 ಮೆಗಾಬಿಟ್ ಅದರ ವೇಗ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕ ಎಲ್ಲವೂ ಇದರ ಮೂಲಕವೇ ಸಾಗುವ ಕಾಲವಿದು. ಕೊನೆಯ ದಿನದ ಸಂಜೆ ಅರ್ಜಿಯ ಪುಟ ತೆರೆಯದಿದ್ದರೆ ಬಡ ವಿದ್ಯಾರ್ಥಿಗೆ ಆಗುವ ನಷ್ಟವನ್ನು ಸಹಪಾಠಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ಮೊದಲು ಅಲೆಗಳ ಮಾತು. ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನ ರೇಡಿಯೋ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಮೊದಲನೆಯದು ಗೋಡೆಯನ್ನು ತುಸು ಚೆನ್ನಾಗಿ ದಾಟುತ್ತದೆ. ದಪ್ಪ ಕಲ್ಲುಗೋಡೆಯ ಮುಂದೆ ಎರಡೂ ಸೊರಗುತ್ತವೆ. ಇನ್ನು ಕುರುಗೋಡಿನ ಗುಡ್ಡ, ಬಳ್ಳಾರಿಯ ಕೋಟೆಗುಡ್ಡಗಳ ಆಚೆಗೆ ಕಳುಹಿಸುವ ಆಸೆಯನ್ನಂತೂ ಬಿಡತಕ್ಕದ್ದು. ಸಿರುಗುಪ್ಪದ ಬಯಲಿನಲ್ಲಿ ಹಾಗಲ್ಲ. ಮಾಳಿಗೆಯಿಂದ ಮಾಳಿಗೆ ಕಣ್ಣಿಗೆ ಕಾಣುವಂತಿದ್ದರೆ, ಒಂದೇ ದಿಕ್ಕಿಗೆ ಮುಖಮಾಡಿದ ಆಂಟೆನಾಗಳಿಂದ ಒಂದೆರಡು ಕಿಲೋಮೀಟರ್ ದಾಟಿಸಬಹುದು. ನಡುವೆ ಬೇವಿನ ಮರವಿದ್ದು ಮಳೆಗೆ ಎಲೆ ನೆನೆಯಿತೆಂದರೆ ಸಂಪರ್ಕ ಕುಂದುತ್ತದೆ. ನಿಗದಿತ ಶಕ್ತಿಯೊಳಗೆ 2.4ರ ಪಟ್ಟಿಯನ್ನು ಮನೆಯ ಹೊರಗೂ ಲೈಸೆನ್ಸ್ ಇಲ್ಲದೆ ಬಳಸಲು ಭಾರತ ಸರ್ಕಾರ 2005ರಲ್ಲಿಯೇ ಅನುಮತಿಯಿತ್ತಿದೆ. 5 ಗಿಗಾಹರ್ಟ್ಸ್‌ನ ವಿಶಾಲ ಪಟ್ಟಿಗಳಿಗೆ 2018ರಲ್ಲಿ.

ಸಂಕೇತವನ್ನು ಮುಂದೆ ದಾಟಿಸುವ ಅಗ್ಗದ ರಿಪೀಟರು ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲಿಯೇ ಮತ್ತೆ ಹೇಳಬೇಕು. ಆದ ಕಾರಣ ಪ್ರತಿ ಹೆಜ್ಜೆಗೂ ವೈಫೈ ವೇಗ ಅರ್ಧವಾಗುತ್ತದೆ. ಆದರೆ ವೈಫೈ ವೇಗ 40ರಿಂದ 20ಕ್ಕಿಳಿದರೂ ಹೊರಗಿನಿಂದ ಬರುವುದೇ 10 ತಾನೇ? ನಿಜವಾದ ಕೇಡು ಬೇರೆಡೆಯಿದೆ.

ಅದು ಸರದಿಯ ಕೇಡು. ಒಬ್ಬರು ಮದುವೆಯ ವೀಡಿಯೋ ಕಳುಹಿಸತೊಡಗಿದರೆ ಅದರ ತುಣುಕುಗಳು ರೌಟರಿನ ನೆನಪಿನಲ್ಲಿ ಸಾಲುಗಟ್ಟುತ್ತವೆ. ಪಕ್ಕದ ಮನೆಯ ಹುಡುಗಿಯ ಪುಟ್ಟ ಅರ್ಜಿ, ಭತ್ತದ ಲಾರಿಗಳ ಹಿಂದೆ ಸಿಕ್ಕ ಸೈಕಲ್ಲಿನಂತೆ, ಸಾಲಿನ ಬಾಲದಲ್ಲಿ ನಿಲ್ಲುತ್ತದೆ. ಇದಕ್ಕೆ 2012ರಲ್ಲಿ ಒಂದು ಉಪಾಯ ಬಂದಿತು. ಎಫ್‌ಕ್ಯೂ-ಕೋಡೆಲ್ ಎಂದು ಅದರ ಹೆಸರು. ಪ್ರತಿಯೊಂದು ಹರಿವಿಗೂ ಬೇರೆ ಸಾಲು ಮಾಡಿ ಸರದಿಯಂತೆ ಒಂದೊಂದು ತುಣುಕನ್ನು ಬಿಡುವುದು, ಬಹಳ ಹೊತ್ತು ನಿಂತ ಸಾಲನ್ನು ಕತ್ತರಿಸುವುದು, ಇಷ್ಟೇ ಅದರ ಕೆಲಸ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ಹಳೆಯ ರೌಟರೂ ಇದನ್ನು ಮಾಡಬಲ್ಲುದು. ಆದರೆ ವೇಗದ ಮಿತಿಯನ್ನು 10ರ ಬದಲು 9ಕ್ಕೆ ಇಡಬೇಕು. ಇಲ್ಲವಾದರೆ ಸಾಲು ನಮ್ಮ ಪೆಟ್ಟಿಗೆಯಲ್ಲಿ ನಿಲ್ಲದೆ ಕಂಪನಿಯ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಅಲ್ಲಿ ನಮ್ಮ ಮಾತು ನಡೆಯದು. ಒಂದು ಮೆಗಾಬಿಟ್ ಬಿಟ್ಟುಕೊಟ್ಟು ನಾಲ್ಕು ಮನೆಗೆ ನ್ಯಾಯ ಕೊಳ್ಳುವುದು ಲಾಭದ ವ್ಯಾಪಾರವೆಂದೇ ನನಗೆ ತೋರುತ್ತದೆ.

ಇಂಥ ಕೂಡುಬಾಳು ಹೊಸತೇನಲ್ಲ. ಸ್ಪೇನಿನ ಕ್ಯಾಟಲೋನಿಯಾದ ಹಳ್ಳಿಗರು 2004ರಲ್ಲಿ ಆರಂಭಿಸಿದ ಗಿಫಿ ಜಾಲ ಸಾವಿರಾರು ಮನೆಗಳಿಗೆ ಬೆಳೆಯಿತು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನಲ್ಲಿಯೂ ಜನಸ್ತು ಸಂಸ್ಥೆಯವರು ಸಮುದಾಯದ ವೈಫೈ ಜಾಲ ಕಟ್ಟಿದ್ದಾರೆ.

ಒಂದು ಎಚ್ಚರಿಕೆ: ಸಂಪರ್ಕ ಯಾರ ಹೆಸರಿನಲ್ಲಿದೆಯೋ, ಅದರಲ್ಲಿ ನಡೆದ ತಂಟೆಗೆ ಮೊದಲು ಪ್ರಶ್ನೆ ಬರುವುದು ಅವರಿಗೇ. ಮನೆಯಾಚೆಗೆ ಹಂಚಲು ಕೆಲವು ಕಂಪನಿಗಳ ಕರಾರು ಒಪ್ಪುವುದಿಲ್ಲ. ಓದಿ, ಕೇಳಿ ಮುಂದುವರಿಯಬೇಕು. ಹಣಕ್ಕೆ ಹಂಚುವ ಅಂಗಡಿಯವರಿಗಾದರೋ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಿದೆ.

ನಮ್ಮ ಓಣಿಯಲ್ಲಿ ಸಂಜೆ 7ರಿಂದ 9ರವರೆಗೆ ಸಿನಿಮಾ ಇಳಿಸುವಂತಿಲ್ಲ. ಕೊನೆಯ ಮನೆಯ ಅಜ್ಜಿ ದೂರದ ಮಗನೊಡನೆ ಮಾತನಾಡುವುದಕ್ಕೆ ಮಾತ್ರ ಆಗಲೂ ತಡೆಯಿಲ್ಲ. ಬರಿಯ ಮಾತಿಗೆ ಸೆಕೆಂಡಿಗೆ 100 ಕಿಲೋಬಿಟ್ ಧಾರಾಳವಾಗಿ ಸಾಕು.